ಯಾವುದನ್ನು ಯಾವುದಕ್ಕೆ ಸುರಿಯಬೇಕು?

1 ಮೈಕ್ರಾನ್ ವ್ಯಾಸದ ಸಿಲಿಕಾ ಕಣಗಳ ಮೈಮೇಲೆ 50 ನ್ಯಾನೊಮೀಟರಿನ ಅಲ್ಯೂಮಿನಾ ಕಣಗಳನ್ನು ಕೂರಿಸಬೇಕಿತ್ತು. ನೀರಿನ ಪಿಎಚ್ 5.5ರಲ್ಲಿಟ್ಟರೆ ಕೆಲಸ ತಾನಾಗಿಯೇ ಆಗುತ್ತದೆ ಅಂದುಕೊಂಡಿದ್ದೆ. ಸಿಲಿಕಾದ ವಿದ್ಯುತ್ ಆವೇಶ (ಚಾರ್ಜ್) ಸೊನ್ನೆಯಾಗುವುದು ಪಿಎಚ್ 2–3ರ ಹತ್ತಿರ, ಅಲ್ಯೂಮಿನಾದ್ದು 9ರ ಹತ್ತಿರ. ಇವೆರಡರ ನಡುವೆ ಎಲ್ಲಿ ನಿಂತರೂ ಒಂದು ಋಣ, ಇನ್ನೊಂದು ಧನ. ನೀರಿನಲ್ಲಿ ಕಣದ ಮೈಯ ಆವೇಶ ಎಷ್ಟೆಂದು ತೋರಿಸುವ ಜೀಟಾ ಪೊಟೆನ್ಷಿಯಲ್ ಅಳೆದಾಗ ಸಿಲಿಕಾದ್ದು ಮೈನಸ್ 45 ಮಿಲಿವೋಲ್ಟ್, ಅಲ್ಯೂಮಿನಾದ್ದು ಪ್ಲಸ್ 40 ಬಂತು. ಬೇರೆ ಬೇರೆ ಬಾಟಲಿಯಲ್ಲಿ ಎರಡೂ ಒಂದು ಗಂಟಿಲ್ಲದೆ ನಯವಾಗಿದ್ದವು.

ಅವಸರ ಬೇಡವೆಂದು ಬೀಕರಿನಲ್ಲಿ ಸಿಲಿಕಾ ತಿರುಗಿಸುತ್ತ, ಅಲ್ಯೂಮಿನಾವನ್ನು ಹನಿಹನಿಯಾಗಿ ಬಿಟ್ಟೆ. ಮೊದಲ ಕೆಲವು ಹನಿಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಜಿನ ಗೋಡೆಗೆ ಮರಳುಮರಳಾಗಿ ಏನೋ ಅಂಟತೊಡಗಿತು. ನೋಡನೋಡುತ್ತಲೇ ಹಿಂಜಿದ ಅರಳೆಯಂಥ ಗಂಟುಗಳು ತಳಕ್ಕಿಳಿದು ಮೇಲೆ ತಿಳಿನೀರು ನಿಂತಿತು. ಉಳಿದ ಅಲ್ಯೂಮಿನಾವನ್ನೆಲ್ಲ ಸುರಿದರೂ ಗಂಟು ಬಿಡಲಿಲ್ಲ. ಶಬ್ದದ ಅಲೆಗಳಿಂದ ಗಂಟು ಒಡೆಯುವ ಸಾನಿಕೇಟರಿಗೆ ಹಿಡಿದರೆ ದೊಡ್ಡ ಗಂಟುಗಳು ಚಿಕ್ಕವಾದವು, ಅಷ್ಟೇ. ಮೈಗೆ ಮೈ ತಾಗಿದ ಮೇಲೆ ಆವೇಶದ ಸೆಳೆತದ ಜೊತೆ ತೀರಾ ಹತ್ತಿರದಲ್ಲಿ ಬಲವಾಗುವ ವ್ಯಾನ್ ಡರ್ ವಾಲ್ಸ್ ಸೆಳೆತವೂ ಸೇರಿಕೊಳ್ಳುತ್ತದೆ. ಅಲ್ಲಿಂದ ಹಿಂದಿರುಗುವುದು ಕಷ್ಟ.

ತಪ್ಪು ಪಿಎಚ್‌ನದಲ್ಲ, ನನ್ನ ಹನಿಗಳದ್ದು. ಒಂದು ಸಿಲಿಕಾ ಕಣದ ಮೈ ತುಂಬಲು ಸುಮಾರು ಸಾವಿರ ಅಲ್ಯೂಮಿನಾ ಕಣ ಬೇಕು; ಅವು ಒಂದನ್ನೊಂದು ದೂಡುವುದರಿಂದ ನಿಜಕ್ಕೂ ಕೂರುವುದು ಅದಕ್ಕಿಂತ ಕಡಿಮೆಯೇ. ಸಾವಿರ ಎಂದರೂ ತೂಕದಲ್ಲಿ ಸಿಲಿಕಾದ ಕಾಲು ಭಾಗದಷ್ಟೇ. ಹನಿ ಬಿಡುತ್ತ ಹೋದಾಗ ಬೀಕರು ಅರ್ಧ ಮೈ ಮುಚ್ಚಿದ ಹಂತವನ್ನು ದಾಟಲೇಬೇಕು. ಆಗ ಒಂದು ಕಣದ ಬರಿಮೈಗೆ ಇನ್ನೊಂದರ ಮುಚ್ಚಿದ ಮೈ ಎದುರಾದರೆ ಮುಗಿಯಿತು, ನಡುವಿನ ಅಲ್ಯೂಮಿನಾವೇ ಸೇತುವೆ. ಅಲ್ಯೂಮಿನಾ ತೀರಾ ಕಡಿಮೆಯಿದ್ದರೂ ಗಂಟಿಲ್ಲ, ತೀರಾ ಹೆಚ್ಚಿದ್ದರೂ ಇಲ್ಲ, ಅಪಾಯವೆಲ್ಲ ನಡುವೆ. ನಾನು ಆ ನಡುವಿನಲ್ಲೇ ಹನಿ ಎಣಿಸುತ್ತ ಕೂತಿದ್ದೆ!

ಕಣಗಳು ಎಷ್ಟು ಬೇಗ ಒಂದಕ್ಕೊಂದು ಢಿಕ್ಕಿಯಾಗುತ್ತವೆಂದು ಹೇಳುವ ಸ್ಮೊಲುಖೋವ್‌ಸ್ಕಿಯ ಸೂತ್ರ ಹಿಡಿದು ಕೂತಾಗ ದಾರಿ ಕಂಡಿತು. ಸಿಲಿಕಾ ತೂಕದಲ್ಲಿ ಶೇಕಡಾ 1 ಇದ್ದರೆ ಪ್ರತಿ ಮಿಲಿಲೀಟರಿಗೆ ಸುಮಾರು ಸಾವಿರ ಕೋಟಿ ಕಣ. ಸಿಲಿಕಾಕ್ಕೆ ಸಿಲಿಕಾ ಢಿಕ್ಕಿಯಾಗಲು ಸುಮಾರು 20 ಸೆಕೆಂಡು ಹಿಡಿಯುತ್ತದೆ. ಸಾಕಷ್ಟು ಅಲ್ಯೂಮಿನಾ ಸುತ್ತಲಿದ್ದರೆ ಅದರ ಮೊದಲ ಕಣ ಒಂದೆರಡು ಮಿಲಿಸೆಕೆಂಡಿನಲ್ಲೇ ಬಂದು ಕೂರುತ್ತದೆ, ಇಡೀ ಮೈ ಕೆಲವೇ ಸೆಕೆಂಡಿನಲ್ಲಿ ತುಂಬುತ್ತದೆ. ಅಂದರೆ ಓಟದಲ್ಲಿ ಚಿಕ್ಕವೇ ಗೆಲ್ಲುತ್ತವೆ, ನಾವು ಅಡ್ಡ ಬರದಿದ್ದರೆ.

ಹಾಗಾಗಿ ಎರಡನೇ ಸಲ ತಿರುಗಿಸಿದ್ದು ಅಲ್ಯೂಮಿನಾವನ್ನು, ಬೇಕಾದ್ದಕ್ಕಿಂತ ಎರಡರಷ್ಟು. ಸಿಲಿಕಾವನ್ನು ಜೋರಾಗಿ ಸುಳಿಯೆದ್ದ ಜಾಗಕ್ಕೇ ಒಂದೇ ಧಾರೆಯಾಗಿ ಸುರಿದೆ. ಬೀಕರು ಬೆಳ್ಳಗೇ ಉಳಿಯಿತು. ಮೆಲ್ಲನೆ ಸೆಂಟ್ರಿಫ್ಯೂಜ್ ಮಾಡಿ, ಮೇಲಿನ ನೀರಲ್ಲಿ ಉಳಿದ ಅಲ್ಯೂಮಿನಾ ಚೆಲ್ಲಿ, ಅದೇ ಪಿಎಚ್‌ನ ನೀರಿನಲ್ಲಿ ತೊಳೆದು ಜೀಟಾ ಪೊಟೆನ್ಷಿಯಲ್ ಅಳೆದರೆ ಪ್ಲಸ್ 34.

ಉಪ್ಪಿನ ವಿಷಯವನ್ನೂ ಹೇಳಬೇಕು. ಒಂದೇ ಆವೇಶದ ಕಣಗಳಿಗೆ ಉಪ್ಪು ಬಿದ್ದರೆ ಅವು ಗಂಟು ಕಟ್ಟುತ್ತವೆ. ಇಲ್ಲಿ ಅದು ಎರಡು ಬಗೆಯ ಕಣಗಳ ನಡುವಿನ ಸೆಳೆತವನ್ನೇ ಕುಗ್ಗಿಸುತ್ತದೆ. 1 ಮಿಲಿಮೋಲಾರ್ ಪೊಟ್ಯಾಸಿಯಮ್ ಕ್ಲೋರೈಡಿನಲ್ಲಿ ಆವೇಶದ ಕೈ ಸುಮಾರು 10 ನ್ಯಾನೊಮೀಟರ್ ಚಾಚುತ್ತದೆ, 100ರಲ್ಲಿ ಬರೀ 1. ಉಪ್ಪನ್ನು 10 ಮಿಲಿಮೋಲಾರಿಗೆ ಏರಿಸಿದಾಗ ಅಲ್ಯೂಮಿನಾ ಕಣಗಳ ದೂಡಾಟ ತಗ್ಗಿ ಹೊದಿಕೆ ಇನ್ನಷ್ಟು ಒತ್ತಾಯಿತು. ಆಸೆ ಹೆಚ್ಚಾಗಿ 100 ಮಾಡಿದೆ. ಸಿಲಿಕಾ ಸೇರುವ ಮೊದಲೇ ಅಲ್ಯೂಮಿನಾ ತನ್ನಷ್ಟಕ್ಕೇ ಗಂಟಾಗಿ ಕೂತಿತ್ತು.

ಚೆನ್ನಾಗಿ ಬಂದ ಮಾದರಿಯ ಒಂದು ತೊಟ್ಟನ್ನು ಸೂಕ್ಷ್ಮದರ್ಶಕದಡಿ ಇಟ್ಟೆ. ಒಂಟಿ ಕಣಗಳು ನಡುಗುತ್ತ ಅಲೆಯುತ್ತಿದ್ದವು. ಅಲ್ಲಲ್ಲಿ ಜೋಡಿ, ಒಂದು ಕಡೆ ಮೂರರ ಸಾಲು. ಸುರಿಯುವಾಗ ಧಾರೆ ಒಮ್ಮೆ ತುಂಡಾಗಿತ್ತು, ಬಹುಶಃ ಅದರದೇ ಗುರುತು.