ಹೊಸ ಟ್ಯಾಂಕಿನಲ್ಲಿ ಮೀನು ಸುಸ್ತಾದರೆ ಮೊದಲು ನೀರು ನೋಡಿ

ಅಕ್ವೇರಿಯಂ ಇಟ್ಟು ವಾರ ಕಳೆಯುವಷ್ಟರಲ್ಲಿ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದೆಯಾ? ರೆಕ್ಕೆ ಮುದುರಿಕೊಂಡು ಮೂಲೆ ಹಿಡಿದಿದೆಯಾ? ತಕ್ಷಣ ಅಂಗಡಿಗೆ ಓಡಿ ನೀಲಿ ಔಷಧಿ ತಂದು ಸುರಿಯಬೇಡಿ. ಹೆಚ್ಚಿನ ಸಲ ಅದು ರೋಗವೇ ಅಲ್ಲ, ನೀರಲ್ಲಿ ಸೇರಿದ ಅಮೋನಿಯಾ ಎಂಬ ವಿಷ. ಮೀನಿನ ಗಲೀಜು, ತಿಂದು ಬಿಟ್ಟ ಆಹಾರದಿಂದ ಅದು ಹುಟ್ಟುತ್ತದೆ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀರು ತಿಳಿಯಾಗಿ ಕಂಡರೂ ನಂಬಬೇಡಿ.

ಟೆಸ್ಟ್ ಕಿಟ್‌ನಲ್ಲಿ ನೋಡಿ: ಅಮೋನಿಯಾ, ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾ ಅರಗಿಸುವಾಗ ಹುಟ್ಟುವ ಇನ್ನೊಂದು ವಿಷ) ಎರಡೂ 0 ಇರಬೇಕು. ಇಲ್ಲದಿದ್ದರೆ ದಿನಾ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಆಂಟಿ ಕ್ಲೋರಿನ್ ಹಾಕಿಯೇ ಬಿಡಿ. ಪೂರ್ತಿ ನೀರು ಚೆಲ್ಲಿ ಟ್ಯಾಂಕ್ ತಿಕ್ಕಿ ತೊಳೆಯುವ ಉತ್ಸಾಹ ಮಾತ್ರ ಬೇಡ. ಫಿಲ್ಟರ್ ಸ್ಪಂಜನ್ನೂ ನಲ್ಲಿ ಕೆಳಗೆ ಹಿಡಿಯಬೇಡಿ, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತದೆ. ಟ್ಯಾಂಕಿನಿಂದ ತೆಗೆದ ನೀರಲ್ಲೇ ಮೆಲ್ಲಗೆ ಹಿಂಡಿದರೆ ಸಾಕು.

ಒಂದೆರಡು ದಿನ ಆಹಾರ ಬಂದ್. ಮಕ್ಕಳು ಪಾಪ ಅಂತ ಚಿಟಿಕೆ ಚಿಟಿಕೆ ಹಾಕ್ತಾನೇ ಇರ್ತಾರೆ, ಅಲ್ವಾ? ಡಬ್ಬಿ ಎತ್ತಿಡಿ. ಏರ್ ಪಂಪ್ ಜೋರಾಗಿಯೇ ಇರಲಿ.

ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡರೆ ಕಥೆ ಬೇರೆ. ಅದು ಇಚ್ ಎಂಬ ಪರಾವಲಂಬಿ ರೋಗ, ಅದಕ್ಕೆ ಚಿಕಿತ್ಸೆ ಬೇಕೇ ಬೇಕು.