20 ನಿಮಿಷದ ಮೌನ ಪ್ರಾರ್ಥನೆಗೆ ಕೂರುವುದು ಹೇಗೆ

ಸೆಂಟರಿಂಗ್ ಪ್ರೇಯರ್ ಎಂಬ ಈ ಕ್ರಮವನ್ನು 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಸೇಂಟ್ ಜೋಸೆಫ್ ಮಠದ ಟ್ರಾಪಿಸ್ಟ್ ಎಂಬ ಕ್ಯಾಥೊಲಿಕ್ ಸಂಘದ ಸನ್ಯಾಸಿಗಳು ರೂಪಿಸಿದರು. ದಿನಕ್ಕೆ ಎರಡು ಸಲ, ತಲಾ 20 ನಿಮಿಷ. ಹೊಸಬರು 10 ನಿಮಿಷದಿಂದ ಶುರುಮಾಡಬಹುದು.

ಮೊದಲು ಒಂದು ಚಿಕ್ಕ ಪದ ಆರಿಸಿಕೊಳ್ಳಿ: ಯೇಸು, ಅಪ್ಪಾ, ಕರುಣೆ, ಯಾವುದಾದರೂ ಸರಿ. ದೇವರ ಸಾನ್ನಿಧ್ಯಕ್ಕೆ ನೀವು ಒಪ್ಪಿದ್ದೀರಿ ಎಂಬುದಕ್ಕೆ ಆ ಪದ ಗುರುತು. ಮಧ್ಯದಲ್ಲಿ ಬದಲಿಸಬೇಡಿ, ಬದಲಿಸಲು ಹೊರಟರೆ ಅದೇ ಇನ್ನೊಂದು ಯೋಚನೆಯಾಗುತ್ತದೆ. ಬೆನ್ನು ನೇರವಾಗಿಟ್ಟು, ಕಣ್ಣು ಮುಚ್ಚಿ ಕುಳಿತು, ಪದವನ್ನು ಮನಸ್ಸಿನಲ್ಲೇ ಮೆಲ್ಲಗೆ ತಂದುಕೊಳ್ಳಿ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಇದು ಜಪವಲ್ಲ, ಪದವನ್ನು ಬಿಡದೆ ಹೇಳುತ್ತಾ ಹೋಗಬೇಕಿಲ್ಲ. ಸಾಲದ ಕಂತು, ನಿನ್ನೆಯ ಜಗಳ, ಕೊನೆಗೆ ಒಂದು ಸುಂದರ ಪ್ರಾರ್ಥನೆಯ ಸಾಲೇ ಬಂದು ನಿಮ್ಮನ್ನು ಎಳೆದುಕೊಂಡು ಹೋಯಿತೆಂದು ತಿಳಿದಾಗ ಮಾತ್ರ ಪದಕ್ಕೆ ಮರಳಿ. ಯೋಚನೆಯನ್ನು ತಳ್ಳಬೇಡಿ. ತಳ್ಳಲು ಹೋದರೆ ಗಮನವೆಲ್ಲ ಅದರ ಮೇಲೆಯೇ ನಿಲ್ಲುತ್ತದೆ. ನೂರು ಸಲ ಮರಳಬೇಕಾದರೂ ಪ್ರಾರ್ಥನೆ ಕೆಟ್ಟಿಲ್ಲ. ಆ ಮರಳುವಿಕೆಯೇ ಪ್ರಾರ್ಥನೆ.

ಊಟವಾದ ಕೂಡಲೇ ಕುಳಿತರೆ ತೂಕಡಿಕೆ ಖಂಡಿತ. ಮೊಬೈಲ್ ಅಲಾರಾಂ ಸದ್ದು ಮೆತ್ತಗಿರಲಿ. ಮುಗಿದ ತಕ್ಷಣ ಏಳದೆ ಎರಡು ನಿಮಿಷ ಹಾಗೇ ಇದ್ದು, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿ.

ಮೌನದಲ್ಲಿ ಹಳೆಯ ನೋವು ಮೇಲೆದ್ದು ಅಳು ಬರಬಹುದು, ಅದು ತಪ್ಪಲ್ಲ. ಆದರೆ ದಿನವಿಡೀ ಕಾಡುತ್ತಿದ್ದರೆ ಅವಧಿ ತಗ್ಗಿಸಿ, ನಂಬಿಕೆಯ ಪಾದ್ರಿಯವರ ಅಥವಾ ಆಪ್ತಸಮಾಲೋಚಕರ ಜೊತೆ ಮಾತಾಡಿ.