ಹೊಸ ಬಿಯರ್ಡೆಡ್ ಡ್ರ್ಯಾಗನ್ ವಿಚಿತ್ರವಾಗಿ ಆಡುತ್ತಿದೆಯೇ? ಮೊದಲು ಥರ್ಮಾಮೀಟರ್ ನೋಡಿ

ಕಾಂಪೌಂಡ್ ಗೋಡೆಯ ಮೇಲೆ ಕೂತು ತಲೆ ಆಡಿಸುವ ಓತಿಕ್ಯಾತವನ್ನು ನಮ್ಮಲ್ಲಿ ಯಾರು ನೋಡಿಲ್ಲ? ಬಿಯರ್ಡೆಡ್ ಡ್ರ್ಯಾಗನ್ ಕೂಡ ಅದೇ ಕುಟುಂಬದ್ದು. ಆಸ್ಟ್ರೇಲಿಯಾದ ಒಳನಾಡಿನ ಒಣಪ್ರದೇಶ ಇದರ ತವರು. ಸಾಕುವವರ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಜಾತಿಯ ವೈಜ್ಞಾನಿಕ ಹೆಸರು ಪೊಗೋನಾ ವಿಟಿಸೆಪ್ಸ್. ಬೆಳೆದಾಗ ಬಾಲವೂ ಸೇರಿ 45ರಿಂದ 60 ಸೆಂ.ಮೀ. ಉದ್ದ ಇರುತ್ತದೆ. ಸರಿಯಾಗಿ ನೋಡಿಕೊಂಡರೆ ಹತ್ತು ವರ್ಷ ಬದುಕುತ್ತದೆ, ಕೆಲವು ಅದಕ್ಕೂ ಹೆಚ್ಚು. ಆಸ್ಟ್ರೇಲಿಯಾ, ಅಮೆರಿಕ, ಬ್ರಿಟನ್‌ಗಳಲ್ಲಿ ನಾಯಿ-ಬೆಕ್ಕುಗಳ ನಂತರ ಮಕ್ಕಳು ಹಟ ಹಿಡಿದು ಕೇಳುವ ಪ್ರಾಣಿಗಳಲ್ಲಿ ಇದೂ ಒಂದು. ಅಲ್ಲಿ ನೆಲೆಸಿರುವ ನಮ್ಮವರ ಮನೆಗಳಿಗೂ ಹೀಗೆಯೇ ಬರುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯಗಳಲ್ಲಿ ಇದನ್ನು ಸಾಕಲು ಲೈಸೆನ್ಸ್ ಬೇಕು, ತರುವ ಮೊದಲೇ ಮಾಡಿಸಿಕೊಳ್ಳಿ.

ತಂದ ಎರಡನೇ ದಿನಕ್ಕೇ ಗಾಬರಿ ಶುರುವಾಗುತ್ತದೆ. ಊಟ ಮುಟ್ಟುತ್ತಿಲ್ಲ, ಗಡ್ಡ ಕಪ್ಪಾಗಿದೆ, ದಿನವಿಡೀ ಗಾಜು ಕೆರೆಯುತ್ತಿದೆ, ಬಾಯಿ ತೆರೆದುಕೊಂಡೇ ಕೂತಿದೆ! ಮೊದಲ ಒಂದೆರಡು ವಾರಗಳಲ್ಲಿ ಕಾಣುವ ಇಂಥ ವರ್ತನೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕಾಯಿಲೆಯಲ್ಲ. ಹೊಸ ಜಾಗದ ಭಯ, ಇಲ್ಲವೇ ಟ್ಯಾಂಕಿನ, ಅಂದರೆ ಅದನ್ನು ಇಡುವ ಗಾಜಿನ ಪೆಟ್ಟಿಗೆಯ, ಶಾಖ ಮತ್ತು ಬೆಳಕಿನಲ್ಲಿರುವ ದೋಷ. ಆದರೆ ಒಂದು ದಿನವೂ ಕಾಯಬಾರದ ಲಕ್ಷಣಗಳೂ ಕೆಲವು ಇವೆ. ಎರಡನ್ನೂ ಬೇರ್ಪಡಿಸಿ ನೋಡಲು ಒಂದು ಕ್ರಮ ಬೇಕು.

ಹೆಜ್ಜೆ 1: ಶಾಖ ಅಳೆಯಿರಿ

ಇದು ತಣ್ಣನೆ ರಕ್ತದ ಪ್ರಾಣಿ. ತಿಂದದ್ದು ಅರಗಬೇಕಾದರೂ, ಓಡಾಡಬೇಕಾದರೂ ಹೊರಗಿನ ಶಾಖವೇ ಆಧಾರ. ಟ್ಯಾಂಕಿನ ಒಂದು ತುದಿಯಲ್ಲಿ, ದೀಪದ ಕೆಳಗೆ ಬಿಸಿಲು ಕಾಯುವ ಕಲ್ಲಿನ ಮೇಲ್ಮೈ ಸುಮಾರು 38ರಿಂದ 42 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ತುದಿ 25ರಿಂದ 28 ಡಿಗ್ರಿ ಇದ್ದರೆ ಸಾಕು. ರಾತ್ರಿ ದೀಪಗಳೆಲ್ಲ ಆರಿರಬೇಕು. ಆಗ 20 ಡಿಗ್ರಿಗೆ ಇಳಿದರೂ ಆರೋಗ್ಯವಂತ ಪ್ರಾಣಿಗೆ ತೊಂದರೆಯಿಲ್ಲ.

ಗಾಜಿಗೆ ಅಂಟಿಸುವ ಅಗ್ಗದ ಥರ್ಮಾಮೀಟರ್ ತೋರಿಸುವುದು ಆ ಗಾಜಿನ ಶಾಖವನ್ನು, ಕಲ್ಲಿನದನ್ನಲ್ಲ. ಗುರಿಯಿಟ್ಟು ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರ್ ಅಥವಾ ವೈರಿನ ತುದಿಯಲ್ಲಿ ಸೆನ್ಸರ್ ಇರುವ ಡಿಜಿಟಲ್ ಮೀಟರ್ ಕೊಳ್ಳಿ. ನನ್ನನ್ನು ಕೇಳಿದರೆ, ಅಲಂಕಾರದ ಸೇತುವೆ, ಪುಟ್ಟ ಹ್ಯಾಮಕ್ಕುಗಳಿಗೆ ಹಾಕುವ ಹಣ ಮೊದಲು ಇದಕ್ಕೆ ಹೋಗಬೇಕು. ಕಲ್ಲು 32 ಡಿಗ್ರಿಯಲ್ಲೇ ಇದ್ದರೆ ಹಲ್ಲಿ ಮಂಕಾಗಿ ಬಿದ್ದಿರುತ್ತದೆ, ತಿನ್ನುವುದಿಲ್ಲ. ಅದು ರೋಗವಲ್ಲ, ಚಳಿ.

ಹೆಜ್ಜೆ 2: ಬೆಳಕು ನೋಡಿ

ಶಾಖದ ದೀಪ ಬೇರೆ, ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ದೀಪ ಬೇರೆ. ಯುವಿಬಿ ಕಿರಣ ಚರ್ಮಕ್ಕೆ ತಾಗಿದರೆ ಮಾತ್ರ ದೇಹದಲ್ಲಿ ವಿಟಮಿನ್ ಡಿ3 ತಯಾರಾಗುತ್ತದೆ, ಆಗ ಕ್ಯಾಲ್ಸಿಯಂ ಮೂಳೆಗೆ ಸೇರುತ್ತದೆ. ಕಿಟಕಿಯ ಬಳಿ ಟ್ಯಾಂಕ್ ಇಟ್ಟರೆ ಸಾಕೆಂದುಕೊಳ್ಳಬೇಡಿ, ಗಾಜು ಆ ಕಿರಣಗಳನ್ನು ತಡೆಯುತ್ತದೆ. ಸಾಲದ್ದಕ್ಕೆ ಬಿಸಿಲಿಗೆ ಟ್ಯಾಂಕಿನ ಒಳಗೆಲ್ಲ ಒಲೆಯಂತೆ ಕಾಯುತ್ತದೆ. ದೀಪ ಹಳೆಯದಾದಂತೆ ಕಣ್ಣಿಗೆ ಕಾಣುವ ಬೆಳಕು ಹಾಗೆಯೇ ಇದ್ದರೂ ಯುವಿಬಿ ಕುಸಿಯುತ್ತದೆ, ಹಾಗಾಗಿ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ ಬದಲಿಸಬೇಕು. ಹಳೆಯ ಮಾಲೀಕರಿಂದ ಟ್ಯಾಂಕ್ ಸಮೇತ ಕೊಂಡವರು ಆ ದೀಪವನ್ನು ನಂಬದೆ ಹೊಸದನ್ನೇ ಹಾಕಿ.

ಹೆಜ್ಜೆ 3: ಈಗ ಪ್ರಾಣಿಯನ್ನು ನೋಡಿ, ಮುಟ್ಟಬೇಡಿ

ಮೊದಲ ಒಂದು ವಾರ ಊಟ, ನೀರು, ಶುಚಿ ಬಿಟ್ಟರೆ ಬೇರೆ ಯಾವುದಕ್ಕೂ ಕೈ ಒಳಗೆ ಹೋಗಬಾರದು. ಮಕ್ಕಳಿಗೆ ಇದು ಕಷ್ಟ, ಆದರೆ ವಿವರಿಸಿ ಹೇಳಿದರೆ ಅವರೂ ಕೇಳುತ್ತಾರೆ. ಈ ಹಲ್ಲಿಯ ನೆತ್ತಿಯ ಮೇಲೆ ಸಣ್ಣ ಚುಕ್ಕೆಯಷ್ಟು ಮೂರನೇ ಕಣ್ಣಿದೆ. ಅದಕ್ಕೆ ಚಿತ್ರ ಕಾಣುವುದಿಲ್ಲ, ಬೆಳಕು-ನೆರಳು ಮಾತ್ರ ತಿಳಿಯುತ್ತದೆ. ಮೇಲಿನಿಂದ ಇಳಿಯುವ ನಿಮ್ಮ ಕೈ ಅದರ ಪಾಲಿಗೆ ಎರಗುವ ಹದ್ದು. ಕೈಯನ್ನು ಸದಾ ಪಕ್ಕದಿಂದ, ನಿಧಾನವಾಗಿ ತನ್ನಿ.

ಗಡ್ಡ ಕಪ್ಪಾಗುವುದು: ಗಂಟಲ ಕೆಳಗಿನ ಮುಳ್ಳುಮುಳ್ಳು ಚರ್ಮ ಉಬ್ಬಿ ಇದ್ದಿಲಿನ ಬಣ್ಣಕ್ಕೆ ತಿರುಗುತ್ತದೆ. ಹೆದರಿಕೆ, ಸಿಟ್ಟು, ಗಂಡಾದರೆ ಹೆಣ್ಣಿನ ಮೇಲಿನ ಆಸೆ, ಇವೆಲ್ಲಕ್ಕೂ ಅದೇ ಬಣ್ಣ. ಸ್ವಲ್ಪ ಹೊತ್ತಿನಲ್ಲಿ ತಿಳಿಯಾದರೆ ಚಿಂತೆಯಿಲ್ಲ. ಹೊಟ್ಟೆಯ ಮೇಲೆ ಕಪ್ಪು ಗೆರೆ, ಉಂಗುರಗಳು ಮೂಡಿದ್ದರೆ ಅದೂ ಒತ್ತಡದ ಗುರುತು, ದಿನ ಕಳೆದಂತೆ ಮಾಸುತ್ತದೆ. ಗಡ್ಡ ದಿನವಿಡೀ ಕಪ್ಪಾಗಿಯೇ ಇದ್ದು, ಪ್ರಾಣಿ ನಿಸ್ತೇಜವಾಗಿ ಮಲಗಿದ್ದರೆ ಮಾತ್ರ ನೋವಿರಬಹುದೆಂದು ತಿಳಿಯಿರಿ.

ಗಾಜು ಕೆರೆಯುವುದು: ಹಿಂಗಾಲಿನ ಮೇಲೆ ನಿಂತು, ಹೊಟ್ಟೆಯನ್ನು ಗಾಜಿಗೆ ಒತ್ತಿ, ಮುಂಗಾಲಿನ ಉಗುರುಗಳಿಂದ ಪರಪರ ಕೆರೆಯುತ್ತ ಒಂದು ಮೂಲೆಯಿಂದ ಇನ್ನೊಂದಕ್ಕೆ ಜಾರುತ್ತದೆ. ಹೊಸ ಪ್ರಾಣಿಯಲ್ಲಿ ಬಹಳ ಸಾಮಾನ್ಯ. ಗಾಜಿನಲ್ಲಿ ಕಾಣುವ ತನ್ನದೇ ಬಿಂಬವನ್ನು ಎದುರಾಳಿ ಎಂದು ತಿಳಿಯುವುದುಂಟು. ಟ್ಯಾಂಕ್ ಚಿಕ್ಕದಾಗಿದ್ದರೆ, ಎಲ್ಲ ಕಡೆಯೂ ಬಿಸಿಯೇ ಇದ್ದರೆ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತದೆ. ಮೂರು ಬದಿಗೆ ಹೊರಗಿನಿಂದ ದಪ್ಪ ಕಾಗದ ಅಂಟಿಸಿ, ಒಳಗೆ ಅಡಗಿಕೊಳ್ಳಲು ಒಂದು ಜಾಗ ಮಾಡಿ. ಬೆಳೆದ ಪ್ರಾಣಿಗೆ ನಾಲ್ಕಡಿ ಉದ್ದ, ಎರಡಡಿ ಅಗಲಕ್ಕಿಂತ ಕಡಿಮೆ ಜಾಗ ಸಾಲದು. ಮೂತಿ ಉಜ್ಜಿ ಉಜ್ಜಿ ಗಾಯವಾಗುವ ಮೊದಲೇ ಇದನ್ನು ಸರಿಪಡಿಸಬೇಕು.

ಕೈ ಬೀಸುವುದು: ಒಂದು ಮುಂಗಾಲನ್ನು ಮೆಲ್ಲಗೆ ಎತ್ತಿ, ಗಾಳಿಯಲ್ಲಿ ಸುತ್ತು ಹಾಕಿ ಇಳಿಸುತ್ತದೆ. ಟಾಟಾ ಮಾಡುತ್ತಿದೆ ಎಂದು ಮಕ್ಕಳು ಕುಣಿದಾಡುತ್ತಾರೆ. ‘ನೀನು ದೊಡ್ಡವನು, ನನ್ನನ್ನು ಬಿಟ್ಟುಬಿಡು’ ಎಂಬುದು ಅದರ ಅರ್ಥ. ಮರಿಗಳಲ್ಲಿ, ಹೆಣ್ಣುಗಳಲ್ಲಿ ಹೆಚ್ಚು. ತಲೆಯನ್ನು ಜೋರಾಗಿ ಆಡಿಸುವುದು ಇದಕ್ಕೆ ಉಲ್ಟಾ, ಅದು ಗಂಡಿನ ದರ್ಪ.

ಬಾಯಿ ತೆರೆದು ಕೂರುವುದು: ದೀಪದ ಕೆಳಗಾದರೆ ಹೆಚ್ಚಿನ ಶಾಖವನ್ನು ಹೊರಹಾಕುತ್ತಿದೆ ಅಷ್ಟೇ. ತಂಪಿನ ಕಡೆ ಕೂತಾಗಲೂ ಬಾಯಿ ತೆರೆದಿದ್ದು, ಉಸಿರಿನಲ್ಲಿ ಸೀಟಿಯಂಥ ಸದ್ದು ಅಥವಾ ಬಾಯಂಚಿನಲ್ಲಿ ಲೋಳೆ ಇದ್ದರೆ ಶ್ವಾಸಕೋಶದ ಸೋಂಕಿರಬಹುದು.

ಕಣ್ಣುಗುಡ್ಡೆ ಒಮ್ಮೆಲೇ ಉಬ್ಬಿ ಮತ್ತೆ ಒಳಗೆ ಹೋಗುವುದು, ಪೊರೆ ಬಿಡುವ ಮೊದಲು ಮಾಸಲಾಗುವುದು, ರಾತ್ರಿ ಬಿಳಿಚಿಕೊಂಡು ಗೋಡೆಗೆ ನೆಟ್ಟಗೆ ಒರಗಿ ನಿದ್ದೆ ಮಾಡುವುದು, ಇವೆಲ್ಲ ಸಹಜ. ಬೆಳೆದ ಹೆಣ್ಣು ಒಂದೇ ಸಮನೆ ಮಣ್ಣು ಕೆದಕುತ್ತಿದ್ದರೆ ಗಂಡಿನ ಸಂಪರ್ಕವಿಲ್ಲದೆಯೂ ಮೊಟ್ಟೆ ಕಟ್ಟಿರಬಹುದು. ಸ್ವಲ್ಪ ತೇವದ ಮರಳು-ಮಣ್ಣು ಆಳವಾಗಿ ತುಂಬಿದ ಡಬ್ಬ ಇಟ್ಟುಕೊಡಿ. ಕೆದಕಿ ಕೆದಕಿ ಸುಸ್ತಾಗಿಯೂ ಮೊಟ್ಟೆ ಇಡದಿದ್ದರೆ ಅದು ತುರ್ತು.

ಎರಡನ್ನು ಒಟ್ಟಿಗೆ ತಂದವರು ಒಂದರ ಮೇಲೊಂದು ಮಲಗಿರುವುದನ್ನು ಕಂಡು ಪ್ರೀತಿ ಎನ್ನುತ್ತಾರೆ. ಮೇಲಿನದು ಕೆಳಗಿನದರ ಬಿಸಿಲನ್ನು ಕಸಿಯುತ್ತಿದೆ. ದಯವಿಟ್ಟು ಇಂದೇ ಬೇರೆ ಮಾಡಿ. ಕೆಳಗಿನದು ದಿನೇ ದಿನೇ ಸೊರಗುತ್ತದೆ, ಜೊತೆಗಾರನಿಂದ ಕಚ್ಚಿಸಿಕೊಂಡು ಕಾಲ್ಬೆರಳು, ಬಾಲದ ತುದಿಗಳನ್ನು ಕಳೆದುಕೊಂಡ ಮರಿಗಳೂ ಇವೆ.

ಹೆಜ್ಜೆ 4: ಊಟ ಬಿಟ್ಟರೆ ತೂಕ ನೋಡಿ

ಬೆಳೆದ ಪ್ರಾಣಿ ಹೊಸ ಮನೆಯಲ್ಲಿ ಒಂದೆರಡು ವಾರ ಸರಿಯಾಗಿ ತಿನ್ನದಿರುವುದುಂಟು. ಬಾಯಿ ಬಿಡಿಸಿ ತುರುಕಬೇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೊಂದನ್ನು ಇದಕ್ಕೆಂದೇ ಇಟ್ಟುಕೊಂಡು ವಾರಕ್ಕೊಮ್ಮೆ ತೂಗಿ ಬರೆದಿಡಿ. ತೂಕ ನಿಂತಲ್ಲೇ ನಿಂತಿದ್ದರೆ ತಾಳ್ಮೆ ಸಾಕು. ಹತ್ತನೇ ಒಂದು ಭಾಗ ಇಳಿದರೆ ವೈದ್ಯರ ಬಳಿ ಹೋಗಿ. ಮರಿಗೆ ಈ ರಿಯಾಯಿತಿ ಇಲ್ಲ, ಎರಡು ಮೂರು ದಿನ ಏನೂ ತಿನ್ನದಿದ್ದರೆ ತೋರಿಸಲೇಬೇಕು.

ತಿನ್ನಲು ಕೊಡುವ ಕ್ರಿಕೆಟ್ ಹುಳುವಿನ ಉದ್ದ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರಬಾರದು. ಕ್ಯಾಲ್ಸಿಯಂ ಪುಡಿ ಹಚ್ಚಿ ಕೊಡಿ. ತಿಂದು ಉಳಿದ ಹುಳುಗಳನ್ನು ರಾತ್ರಿ ಒಳಗೆ ಬಿಡಬೇಡಿ, ಮಲಗಿದ ಪ್ರಾಣಿಯನ್ನೇ ಕಚ್ಚುತ್ತವೆ. ನಮ್ಮ ಅಡುಗೆಮನೆಗಳಲ್ಲಿ ಸದಾ ಇರುವ ಪಾಲಕ್, ದಂಟಿನ ಸೊಪ್ಪು ಇದಕ್ಕೆ ನಿತ್ಯದ ಆಹಾರವಾಗಬಾರದು, ಅದರಲ್ಲಿನ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ದೇಹಕ್ಕೆ ಸೇರದಂತೆ ಹಿಡಿದಿಡುತ್ತದೆ. ಬೆಣ್ಣೆಹಣ್ಣು ವಿಷ. ಮಿಂಚುಹುಳು ಒಂದೇ ಒಂದು ತಿಂದರೂ ಸಾಯಬಹುದು.

ಚಳಿಗಾಲದಲ್ಲಿ ಬೆಳೆದ ಡ್ರ್ಯಾಗನ್‌ಗಳು ವಾರಗಟ್ಟಲೆ ಮಲಗುವುದು ನಿಜ. ಆದರೆ ಹೊಸದಾಗಿ ತಂದ ಪ್ರಾಣಿ ಮಂಕಾದಾಗ ‘ಚಳಿಗಾಲದ ನಿದ್ದೆ ಇರಬೇಕು’ ಎಂದು ಸಮಾಧಾನ ಮಾಡಿಕೊಳ್ಳುವುದು ಅಪಾಯ. ಹೊಟ್ಟೆಯಲ್ಲಿ ಪರಾವಲಂಬಿಗಳು ತುಂಬಿದ್ದರೂ ಹಾಗೆಯೇ ಕಾಣುತ್ತದೆ. ಹಿಕ್ಕೆ ಪರೀಕ್ಷೆ ಆಗುವವರೆಗೆ ಅದನ್ನು ನಿದ್ದೆ ಎನ್ನಬೇಡಿ.

ಹೆಜ್ಜೆ 5: ಕಾಯಬಾರದ ಲಕ್ಷಣಗಳು

ಬೆರಳು, ಕಾಲುಗಳು ತಾವಾಗಿಯೇ ನಡುಗುವುದು, ದವಡೆ ರಬ್ಬರಿನಂತೆ ಮೆತ್ತಗಾಗಿರುವುದು, ಹೊಟ್ಟೆ ಎತ್ತಿ ನಡೆಯಲಾಗದೆ ತೆವಳುವುದು: ಇವು ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ಮೆತ್ತಗಾಗುವ ಕಾಯಿಲೆಯ ಗುರುತುಗಳು. ತಲೆಯನ್ನು ಹಿಂದಕ್ಕೆ ಬಾಗಿಸಿ ಆಕಾಶ ನೋಡುತ್ತ ನಿಲ್ಲುವುದು, ಒಂದೇ ಕಡೆಗೆ ಗಿರಗಿರ ಸುತ್ತುವುದು, ಫಿಟ್ಸ್ ಬರುವುದು ನರಗಳಿಗೆ ಸಂಬಂಧಿಸಿದ್ದು. ಈ ಜಾತಿಯನ್ನು ಕಾಡುವ ಅಡಿನೋವೈರಸ್ ಅದಕ್ಕೊಂದು ಕಾರಣ. ಹಿಂಗಾಲು ಎಳೆಯುವುದು, ರಕ್ತ ಬೆರೆತ ಹಿಕ್ಕೆ, ಗುಳಿಬಿದ್ದ ಕಣ್ಣು, ಇವನ್ನೂ ಇದೇ ಸಾಲಿಗೆ ಸೇರಿಸಿ.

ನಾಯಿ-ಬೆಕ್ಕು ನೋಡುವ ಎಲ್ಲ ಪಶುವೈದ್ಯರಿಗೂ ಸರೀಸೃಪಗಳ ಅನುಭವ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಕ್ಲಿನಿಕ್‌ನಲ್ಲಿ ಪ್ರಾಣಿ ಬೆದರಿ ಸುಮ್ಮನಾಗಿಬಿಡುತ್ತದೆ, ಆದ್ದರಿಂದ ಮನೆಯಲ್ಲೇ ವಿಚಿತ್ರ ವರ್ತನೆಯ ವಿಡಿಯೊ ಮಾಡಿಟ್ಟುಕೊಳ್ಳಿ. ಟ್ಯಾಂಕಿನ ಮತ್ತು ದೀಪಗಳ ಫೋಟೊ, ಶಾಖದ ಅಂಕಿಗಳು, ತೂಕ ಬರೆದ ಚೀಟಿ, ಮುಚ್ಚಳದ ಡಬ್ಬದಲ್ಲಿ ಆ ದಿನದ ಹಿಕ್ಕೆ ಜೊತೆಗಿರಲಿ. ಪ್ರಾಣಿಯನ್ನಾಗಲಿ ಟ್ಯಾಂಕನ್ನಾಗಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ನೋಡಲು ಆರೋಗ್ಯವಾಗಿರುವ ಡ್ರ್ಯಾಗನ್ ಕೂಡ ವಾಂತಿ-ಭೇದಿ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಹರಡಬಲ್ಲದು. ಐದು ವರ್ಷದೊಳಗಿನ ಮಕ್ಕಳಿದ್ದರೆ ಅವರ ಕೈಗೆ ಇದನ್ನು ಕೊಡಲೇಬೇಡಿ.